ಉಪಚಾರದ ಅಮೋಘಸಿದ್ದಪ್ಪನಿಗೆ ಗೋಧಿ ಬೇನೆ ಬಂದದ್ದು

ಸಂಪಗಾಂವದ ಅಮೋಘಸಿದ್ದಪ್ಪನಿಗೆ ಹೊಲವಿತ್ತು, ಹೊಲದಲ್ಲಿ ಕಬ್ಬಿತ್ತು, ಆ ಕಬ್ಬು ವರ್ಷವರ್ಷವೂ ಎಂ.ಕೆ. ಹುಬ್ಬಳ್ಳಿಯ ಕಾರ್ಖಾನೆಗೆ ಹೋಗುತ್ತಿತ್ತು. ಆದರೂ ಅವನನ್ನು ಯಾರೂ ಕಬ್ಬಿನ ಅಮೋಘಸಿದ್ದಪ್ಪ ಎನ್ನುತ್ತಿರಲಿಲ್ಲ. ಬೈಲಹೊಂಗಲದಿಂದ ರಾಮದುರ್ಗದ ತನಕ, ಮದುವೆಯ ಊಟಕ್ಕೆ ಕುಳಿತು ಎದ್ದ ಯಾರನ್ನೇ ಕೇಳಿದರೂ ಅವನು ಉಪಚಾರದ ಅಮೋಘಸಿದ್ದಪ್ಪ.

ಉಪಚಾರವೆಂದರೆ ಊಟದ ಸಾಲಿನಲ್ಲಿ ನಡೆಯುವ ಒತ್ತಾಯ. ಬಡಿಸುವವರು ಬಡಿಸಿ ಹೋಗಿ, ಉಂಡವರು ಇನ್ನೇನು ಕೈ ತೊಳೆಯಲು ಏಳಬೇಕು ಎನ್ನುವಾಗ, ಹೋಳಿಗೆಯ ಬುಟ್ಟಿಯನ್ನು ಕಂಕುಳಲ್ಲಿ ಅವುಚಿಕೊಂಡು ಒಬ್ಬ ಬರುತ್ತಾನೆ. ಅಂಥವರು ಎಲ್ಲ ಊರಲ್ಲೂ ಇದ್ದಾರೆ. ಆದರೆ ಅವರೆಲ್ಲ "ಒಂದ ಹಾಕ್ಸಿಕೊಳ್ರಿ" ಎಂದು ಕೇಳಿ, ಬೇಡವೆಂದರೆ ಮುಂದೆ ಹೋಗುವ ಜನ. ಅಮೋಘಸಿದ್ದಪ್ಪ ಕೇಳುತ್ತಿರಲಿಲ್ಲ. ಎಲೆಯ ಮೇಲೆ ಕೈ ಅಡ್ಡ ಇಟ್ಟವನ ಕೈಯ ಮೇಲೆಯೇ ಬಿಸಿ ಹೋಳಿಗೆ ಇಟ್ಟು, ಅದರ ಮೇಲೆ ತುಪ್ಪ ಸುರಿದುಬಿಡುತ್ತಿದ್ದ. ಕೈ ತಾನಾಗಿ ಸರಿಯುತ್ತಿತ್ತು.

ಅವನ ಹತ್ತಿರ ಪ್ರತಿ ನೆಪಕ್ಕೂ ಒಂದು ಉತ್ತರ ತಯಾರಿರುತ್ತಿತ್ತು.

"ಹೊಟ್ಟಿ ತುಂಬೇತೋ ಮಾರಾಯ."

"ಕಬ್ಬಿನ ಗಾಡಿ ತುಂಬಿದ ಮ್ಯಾಲೂ ಮ್ಯಾಲೊಂದ ಹೊರಿ ಏರತೈತಿ. ತಗೋ."

"ಹಲ್ಲ ನೂಯಾಕ ಹತ್ತಾವ್ರಿ."

"ಹೋಳಿಗಿಗೆ ಹಲ್ಲ ಬೇಕಂತ ಯಾರ ಹೇಳ್ಯಾರ? ನುಂಗ್ರಿ."

"ಡಾಕ್ಟರ ತಿನಬ್ಯಾಡಂದಾರ್ರಿ."

"ಎಲ್ಲದಾನ ಆ ಡಾಕ್ಟರ? ಕರೀರಿ, ಅವಗೂ ಎರಡ ಹಾಕತೇನಿ."

ಅವನ ಗೆಳೆಯ ಸುಭಾಸ ಸಂಪಗಾಂವದಲ್ಲೇ ಹಿಟ್ಟಿನ ಗಿರಣಿ ಇಟ್ಟವನು, ಸಕ್ಕರೆ ಬೇನೆಯವನು. ಒಮ್ಮೆ ಅವನು ಎರಡೂ ಕೈಯಿಂದ ಎಲೆ ಮುಚ್ಚಿಕೊಂಡು "ನನಗ ಸಕ್ಕರಿ ಬ್ಯಾನಿ ಐತಲೇ" ಎಂದ. ಅಮೋಘಸಿದ್ದಪ್ಪ ಸ್ವಲ್ಪವೂ ಯೋಚಿಸದೆ, "ಸಕ್ಕರಿ ಬ್ಯಾನಿಗೆ ಸಕ್ಕರಿ ನಡಿಯೂದಿಲ್ಲ. ಇದರಾಗ ಬೆಲ್ಲ ಐತಿ" ಎಂದು ಎರಡು ಇಳಿಸಿದ್ದ.

ಬೇಡ ಎನ್ನುವವರ ಬಾಯಿಯನ್ನು ಅವನು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ, ಕಣ್ಣು ನೋಡುತ್ತಿದ್ದ. ನಿಜವಾಗಿ ಸಾಕಾದವನ ಕಣ್ಣು ಕೈ ತೊಳೆಯುವ ತೊಟ್ಟಿಯ ಕಡೆಗೆ ಹೋಗುತ್ತದೆ. ನಾಚಿಕೆಗೆ ಬೇಡ ಎನ್ನುವವನ ಕಣ್ಣು ಹೋಳಿಗೆಯ ಮೇಲೇ ಇರುತ್ತದೆ. ಹೋಳಿಗೆ ನೋಡಿದವನಿಗೆ ಎರಡು, ತೊಟ್ಟಿ ನೋಡಿದವನಿಗೆ ಒಂದು. ಯಾರಿಗೂ ಇಲ್ಲ ಎಂಬ ಮಾತಿಲ್ಲ.

ಅವನ ಕೈಗೆ ಸಿಕ್ಕವರಲ್ಲಿ ಹೂಲಿಯ ಮುದಕವ್ವ ಎಂಬ ಅಜ್ಜಿಯೂ ಒಬ್ಬಳು. ಸವದತ್ತಿ ಸೀಮೆಯ ಹೆಂಗಸರ ಸಾಲಿನಲ್ಲಿ ಅವಳದೇ ಉಪಚಾರ. ಹಲವು ವರ್ಷಗಳ ಹಿಂದೆ ಒಂದು ಮದುವೆಯಲ್ಲಿ ಎಲ್ಲರಿಗೂ ಉಣಿಸಿ ಕೊನೆಯ ಸಾಲಿಗೆ ದಣಿದು ಕುಳಿತಿದ್ದ ಅವಳನ್ನು ಕಂಡು ಅಮೋಘಸಿದ್ದಪ್ಪ "ಉಣಿಸಾಕಿಗೆ ಉಣಿಸವ್ರ ಯಾರು?" ಎಂದು ಬುಟ್ಟಿ ತಂದಿದ್ದ. ಊಟ ಮುಗಿದಾಗ ಅಜ್ಜಿಯನ್ನು ಎಬ್ಬಿಸಲು ಇಬ್ಬರು ಸೊಸೆಯರು ಬೇಕಾದರು. ಎದ್ದು ನಿಂತವಳು, "ನನ್ನ ಮನಿ ಎಲಿ ಮುಂದ ಒಂದಿನ ಕುಂದರತಿ ತಮ್ಮಾ. ಅವತ್ತ ನೋಡ್ಕೋತೇನಿ" ಎಂದಿದ್ದಳು. ಅಮೋಘಸಿದ್ದಪ್ಪ ನಕ್ಕು ಮರೆತುಬಿಟ್ಟ. ಮುದಕವ್ವ ಮರೆಯಲಿಲ್ಲ.

ಇಷ್ಟೆಲ್ಲ ಉಣಿಸಿ, ಕೊನೆಯ ಸಾಲಿನಲ್ಲಿ ತಾನೂ ಎಲ್ಲರಿಗಿಂತ ಹೆಚ್ಚು ತಿಂದು ಬರುತ್ತಿದ್ದ ಮನುಷ್ಯನ ಮೈ ಮಾತ್ರ ಒಣಗಿದ ಕಬ್ಬಿನ ಹಾಗಿತ್ತು. ಗದ್ದೆಗೆ ಬಂದ ಕಡಿಯುವ ಆಳುಗಳು "ಯಜಮಾನ್ರ, ಸಾಲಾಗ ನಿಂದರಬ್ಯಾಡ್ರಿ, ಕುಡಗೋಲಿಗೆ ಗುರತ ಹತ್ತೂದಿಲ್ಲ" ಎನ್ನುತ್ತಿದ್ದರು. ಉಂಡದ್ದೆಲ್ಲ ಎಲ್ಲಿಗೆ ಹೋಗುತ್ತಿತ್ತೆಂದರೆ, ಹೊಟ್ಟೆ ಡೊಳ್ಳಿನಂತೆ ಉಬ್ಬಿ ಮರುದಿನ ಬೆಳಿಗ್ಗೆ ಚೆಂಬು ಹಿಡಿದು ಓಡುವುದರಲ್ಲಿ ಹೋಗುತ್ತಿತ್ತು. ನಾಲ್ಕು ಹೆಜ್ಜೆಗೆ ಏದುಸಿರು, ಮುಖಕ್ಕೆ ರಕ್ತವಿಲ್ಲ.

ಬೈಸಿಕೊಂಡವಳು ಹೆಂಡತಿ ಭಾಗೀರಥಿ. "ಊರಿಗೆಲ್ಲ ಉಣಿಸಾಂವಗ ಮನ್ಯಾಗ ಕೂಳಿಲ್ಲ ಅಂತ ಕಾಣತೈತಿ" ಎಂದು ಓಣಿಯ ಹೆಂಗಸರು ಆಡಿಕೊಂಡಾಗ ಅವಳಿಗೆ ಉರಿದುಹೋಯಿತು. ಅವತ್ತಿನಿಂದ ಗಂಡನಿಗೆ ಮೈ ಹತ್ತಲಿ ಎಂದು ಬೆಳಿಗ್ಗೆ ರವೆಯ ಸಜ್ಜಕ, ಮಧ್ಯಾಹ್ನ ಚಪಾತಿ, ಸಂಜೆ ಗೋಧಿ ಹುಗ್ಗಿ. ಅವಳು ಉಣಿಸಿದಷ್ಟೂ ಅವನು ಸೊರಗಿದ. ಅವನು ಸೊರಗಿದಷ್ಟೂ ಅವಳು ಹುಗ್ಗಿಯ ಪಾತ್ರೆ ದೊಡ್ಡದು ಮಾಡಿದಳು.

ಕೊನೆಗೆ ಮಗಳು ಸಪ್ನಾ ಅಪ್ಪನನ್ನು ಎಳೆದುಕೊಂಡು ಬೆಳಗಾವಿಗೆ ಹೋದಳು. ಬೈಲಹೊಂಗಲದ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸುವವಳು ಅವಳು; ಅಪ್ಪನ ಒತ್ತಾಯದ ರಕ್ತ ಅವಳಲ್ಲೂ ಹರಿಯುತ್ತಿತ್ತು, ಆದರೆ ಅದನ್ನು ಅವಳು ಪಾಠಕ್ಕೆ ಬಳಸುತ್ತಿದ್ದಳು. ಆಸ್ಪತ್ರೆಯಲ್ಲಿ ರಕ್ತ ನೋಡಿದರು, ಬಾಯಿಯೊಳಗೆ ನಳಿಕೆ ಇಳಿಸಿ ಕರುಳು ನೋಡಿದರು. ಡಾಕ್ಟರು ಹೇಳಿದರು: "ಇದಕ್ಕೆ ಸೀಲಿಯಾಕ್ ಅಂತಾರೆ. ಗೋಧಿಯೊಳಗಿನ ಒಂದು ಅಂಶ ನಿಮ್ಮ ಕರುಳಿಗೆ ಆಗಿಬರೋದಿಲ್ಲ. ಜವೆಯಲ್ಲೂ ಅದು ಇರತೈತಿ. ಗುಳಿಗಿ ಇಲ್ಲ, ಇಂಜೆಕ್ಷನ್ ಇಲ್ಲ. ಗೋಧಿ ಬಿಡೋದೇ ಔಷಧ."

"ಎಷ್ಟ ದಿನಾ ಬಿಡಬೇಕ್ರಿ?"

"ಇರೋತನಕ."

"ಮದವಿ ಇದ್ದ ದಿನಾ ನಡೀತೈತೇನ್ರಿ?"

"ಇಲ್ಲ."

"ಯಾರ ಮದವಿ ಅನ್ನೂದರ ಮ್ಯಾಲಾ?"

"ಯಾರದಾದರೂ ಇಲ್ಲ."

"ಅರ್ಧಾ ಹೋಳಿಗಿ?"

ಡಾಕ್ಟರು ಸಪ್ನಾಳ ಮುಖ ನೋಡಿದರು. ಸಪ್ನಾ, "ಚೂರೂ ಇಲ್ಲಪ್ಪಾ" ಎಂದಳು. ಅಮೋಘಸಿದ್ದಪ್ಪ ಎದ್ದು ಬಾಗಿಲ ತನಕ ಹೋಗಿ ತಿರುಗಿ ಬಂದು, "ಬರೇ ಮ್ಯಾಲಿನ ತುಪ್ಪಾ ನೆಕ್ಕಿದ್ರ?" ಎಂದು ಕೇಳಿದ. ಹೊರಗೆ ಕುಳಿತ ರೋಗಿಗಳೂ ನಕ್ಕರು.

ಸಂಪಗಾಂವಕ್ಕೆ ಸುದ್ದಿ ಬಂದಾಗ ಊರವರು ಅದಕ್ಕೆ ಗೋಧಿ ಬೇನೆ ಎಂದು ಹೆಸರಿಟ್ಟರು, ಮತ್ತು ಇದೇನು ದೊಡ್ಡ ಮಾತು ಎಂದುಕೊಂಡರು. ದಿನಾ ತಿನ್ನುವುದು ಜೋಳದ ರೊಟ್ಟಿ, ಅದಕ್ಕಂತೂ ಡಾಕ್ಟರು ಹೂಂ ಅಂದಿದ್ದಾರೆ. ಆದರೆ ಬಿಡಲು ಹೊರಟಾಗಲೇ ಗೋಧಿ ಮನೆಯ ಎಲ್ಲೆಲ್ಲಿ ಕುಳಿತಿದೆ ಎಂದು ಗೊತ್ತಾದದ್ದು.

"ರವಾ ನಡಿತೈತೆಲ್ಲ?" ಎಂದಳು ಭಾಗೀರಥಿ.

"ರವಾನೂ ಗೋದೀನ ಯವ್ವಾ," ಎಂದಳು ಸಪ್ನಾ.

"ಶ್ಯಾವಿಗಿ?"

"ಗೋದಿ."

"ಮೈದಾ? ಅದು ಬೆಳ್ಳಗಿರತೈತಿ ನೋಡು."

"ಬೆಳ್ಳಗಿದ್ರೂ ಗೋದಿ."

"ಚಹಾದ ಕೂಡ ಟೋಸ್ಟು?"

"ಗೋದಿ. ಆ ಇಂಗಿನ ಡಬ್ಬಿನೂ ಇತ್ತ ತಾ. ನೋಡ, ಇದರಾಗೂ ಗೋದಿ ಹಿಟ್ಟ ಕೂಡ್ಸ್ಯಾರ."

ಭಾಗೀರಥಿ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಳು. "ಹಂಗಾದ್ರ ನಿಮ್ಮಪ್ಪ ಇಷ್ಟ ದಿನಾ ತಿಂದದ್ದ ಬರೇ ಗೋದಿನಾ? ಮ್ಯಾಲ ನನಗ ಕೂಳ ಹಾಕೂದಿಲ್ಲ ಅಂತ ಹೆಸರು!"

ಚಪಾತಿಯ ಹಂಚು ಬೇರೆಯಾಯಿತು, ರೊಟ್ಟಿಯ ಹಂಚು ಬೇರೆಯಾಯಿತು. ಉಳಿದದ್ದು ಹಿಟ್ಟಿನ ಗಿರಣಿ. ಸುಭಾಸನ ಗಿರಣಿಯಲ್ಲಿ ಒಬ್ಬರ ಗೋಧಿ ಬೀಸಿದ ಕಲ್ಲಿನಲ್ಲೇ ಇನ್ನೊಬ್ಬರ ಜೋಳ ಬೀಳುತ್ತಿತ್ತು. ಅಮೋಘಸಿದ್ದಪ್ಪ ಹೋಗಿ, "ನನ್ನ ಜ್ವಾಳ ಬೀಸೂ ಮುಂದ ಗಿರಣಿ ತೊಳಿ" ಎಂದ. ಸುಭಾಸ, "ಗಿರಣಿ ಏನ ಎಮ್ಮೀನ ತೊಳ್ಯಾಕ?" ಎಂದು ಓಡಿಸಿದ.

ಆಗ ಭಾಗೀರಥಿಗೆ ಅತ್ತೆಯ ಕಾಲದ ಬೀಸುಕಲ್ಲು ನೆನಪಾಯಿತು. ಅದು ಎಷ್ಟೋ ವರ್ಷದಿಂದ ಹಿತ್ತಲಲ್ಲಿ ಕೋಳಿ ಬುಟ್ಟಿಯ ಮೇಲೆ ಭಾರಕ್ಕೆ ಕುಳಿತಿತ್ತು. ತಂದು ತೊಳೆದು ಪಡಸಾಲೆಯಲ್ಲಿ ಇಟ್ಟು ಗಂಡನನ್ನು ಕರೆದಳು.

"ಕುಂದರ್ರಿ, ಬೀಸ್ರಿ."

"ನಾನಾ?"

"ಬ್ಯಾನಿ ಯಾರದು? ನಿಮ್ಮದು. ಹಂಗಾದ್ರ ಬೀಸೂದೂ ನಿಮ್ಮದ."

ಗಂಡಸೊಬ್ಬ ಬೀಸುಕಲ್ಲಿಗೆ ಕುಳಿತ ಸುದ್ದಿ ಓಣಿಗೆ ಹಬ್ಬಿ, ಮೊದಲ ದಿನ ನೋಡಲು ಬಂದವರಿಗೆ ಚಹಾ ಮಾಡಿಯೇ ಭಾಗೀರಥಿಗೆ ಸಾಕಾಯಿತು. ಹಳೆಯ ಮುದುಕಿಯರು ಕಟ್ಟೆಯ ಮೇಲೆ ಸಾಲಾಗಿ ಕುಳಿತು ತಪ್ಪು ಹುಡುಕಿದರು. "ಏ ತಮ್ಮಾ, ಅದು ಟ್ರ್ಯಾಕ್ಟರ್ ಸ್ಟೇರಿಂಗ ಅಲ್ಲೋ" ಎಂದಳು ಒಬ್ಬಳು. "ಎರಡೂ ಕಡೆ ತಿರವ್ಯಾಕ ಹತ್ತ್ಯಾನವಾ" ಎಂದಳು ಇನ್ನೊಬ್ಬಳು. ಪಕ್ಕದ ಮನೆಯ ರಾಮವ್ವ, "ಹಾಡ ಹೇಳಲಾರದ ಬೀಸಿದ್ರ ಹಿಟ್ಟ ಸಣ್ಣಾಗೂದಿಲ್ಲ" ಎಂದು ಹೆದರಿಸಿದಳು. ಅಮೋಘಸಿದ್ದಪ್ಪ ನಂಬಿ ತನಗೆ ಗೊತ್ತಿದ್ದ ಒಂದೇ ಹಾಡನ್ನು, ಅಂದರೆ ಕಾರ್ಖಾನೆಯ ಕಬ್ಬಿನ ಲಾರಿಗಳಲ್ಲಿ ಹಾಕುವ ಹಾಡನ್ನು, ಏದುಸಿರು ಬಿಡುತ್ತ ಹೇಳಿದ. ಹಿಟ್ಟು ಸಣ್ಣಾಗಲಿಲ್ಲ. ಮುದುಕಿಯರು ಮಾತ್ರ ಮರುದಿನವೂ ಬಂದರು.

ಆದರೆ ಮಳೆಗಾಲ ಕಳೆಯುವ ಹೊತ್ತಿಗೆ ಹೊಟ್ಟೆಯ ಡೊಳ್ಳು ಇಳಿಯಿತು. ಚೆಂಬಿನ ಓಟ ನಿಂತಿತು. ಮುಖಕ್ಕೆ ಬಣ್ಣ ಬಂತು, ತೋಳಿಗೆ ಬೀಸುಕಲ್ಲಿನ ಕೃಪೆಯಿಂದ ಮಾಂಸ ಬಂತು. ಒಂದು ಬೆಳಿಗ್ಗೆ ಅಂಗಿಯ ಗುಂಡಿ ಪಟ್ಟನೆ ಹಾರಿ ಹಾಲಿನ ಪಾತ್ರೆಗೆ ಬಿದ್ದಾಗ ಭಾಗೀರಥಿ ಅದನ್ನು ಎತ್ತಿ ಸೆರಗಿನ ತುದಿಗೆ ಕಟ್ಟಿಕೊಂಡಳು. ಅವತ್ತು ಏನೂ ಕೆಲಸವಿಲ್ಲದಿದ್ದರೂ ಗಂಡನನ್ನು ಮುಂದೆ ಮಾಡಿಕೊಂಡು ಇಡೀ ಓಣಿ ಎರಡು ಸಲ ಸುತ್ತಿದಳು.

ಇಷ್ಟು ಚೆನ್ನಾಗಿ ನಡೆದಿರುವಾಗ ಸುಭಾಸನ ಹೊಸ ಮನೆಯ ವಾಸ್ತು ಊಟ ಬಂತು.

ಅಮೋಘಸಿದ್ದಪ್ಪ ಹೋದ. ಸಾಲಿನಲ್ಲಿ ಕುಳಿತು ಅನ್ನ ಮೊಸರು ಮಾತ್ರ ಹಾಕಿಸಿಕೊಂಡ. ಆಗ ನೋಡುತ್ತಾನೆ, ಸಾಲಿನ ಆ ತುದಿಯಿಂದ ಸುಭಾಸ ಹೋಳಿಗೆಯ ಬುಟ್ಟಿ ಕಂಕುಳಲ್ಲಿ ಅವುಚಿಕೊಂಡು, ಬೇರೆ ಯಾರ ಎಲೆಯನ್ನೂ ನೋಡದೆ, ನೇರ ಅವನ ಕಡೆಗೇ ಬರುತ್ತಿದ್ದಾನೆ. ಅವನ ಬೆನ್ನಿಗೆ ಒಬ್ಬಿಬ್ಬರಲ್ಲ, ಹಿಂದೊಮ್ಮೆ ಅಮೋಘಸಿದ್ದಪ್ಪನ ಕೈಯಲ್ಲಿ ಸಿಕ್ಕಿ ಉಂಡವರೆಲ್ಲ ಬರುತ್ತಿದ್ದಾರೆ.

"ಬ್ಯಾಡಪಾ ಸುಭಾಸ. ನನಗ ಗೋದಿ ಬ್ಯಾನಿ ಐತಿ."

"ಗೋದಿ ಬ್ಯಾನಿಗೆ ಗೋದಿ ನಡಿಯೂದಿಲ್ಲ," ಎಂದ ಸುಭಾಸ. ಈ ಮಾತಿಗಾಗಿ ಅವನು ವರ್ಷಗಟ್ಟಲೆ ಕಾದಿದ್ದಂತೆ ಕಂಡಿತು. "ಇದು ಮೈದಾ ಹೋಳಿಗಿ."

ಸಾಲಿಗೆ ಸಾಲೇ ಚಪ್ಪಾಳೆ ತಟ್ಟಿತು. ಅಮೋಘಸಿದ್ದಪ್ಪ "ಡಾಕ್ಟರ..." ಎಂದು ಬಾಯಿ ತೆರೆದ. "ಕರಿ ಅವನ್ನ, ಅವಗೂ ಎರಡ ಹಾಕತೇನಿ!" ಎಂದು ನಾಲ್ಕು ಕಡೆಯಿಂದ ಕೂಗಿದರು. ಅವನು ಎಲೆಯ ಮೇಲೆ ಕೈ ಇಟ್ಟ. ಕೈಯ ಮೇಲೆ ಬಿಸಿ ಹೋಳಿಗೆ ಬಂತು, ಮೇಲೆ ತುಪ್ಪ ಬಂತು, ಕೈ ತಾನಾಗಿ ಸರಿಯಿತು. ಅವನು ಕಟ್ಟಿದ ಕೋಟೆಯೊಳಗೆ ಅವನನ್ನೇ ಕೂಡಿ ಹಾಕಿದ್ದರು. ಅದೂ ಅಲ್ಲದೆ ಹೋಳಿಗೆಯ ವಾಸನೆ ಮೂಗಿಗೆ ಬಡಿಯಿತು. ತಿಂದ.

ಆಮೇಲಿನ ಎರಡು ದಿನ ಅವನು ಕಬ್ಬಿನ ಗದ್ದೆಯಲ್ಲಿ ಕಳೆದದ್ದು ಬೇಸಾಯಕ್ಕಲ್ಲ. ಮೂರನೆಯ ದಿನ ಸುಭಾಸ ಎಳನೀರು ಹಿಡಿದು ಬಂದು ಹಾಸಿಗೆಯ ಹತ್ತಿರ ಕುಳಿತು, "ಖರೇನ ಬ್ಯಾನಿ ಇತ್ತೇನಲೇ? ನೀ ನೆಪಾ ತಗದೀ ಅಂದಕೊಂಡಿದ್ವಿ" ಎಂದ. ಸಪ್ನಾ ಒಳಗಿನಿಂದ ಬಂದು ಮಾಸ್ತರಿಣಿಯ ಧ್ವನಿಯಲ್ಲಿ ಇಬ್ಬರನ್ನೂ ನಿಲ್ಲಿಸಿ ಬೈದಳು. ಸುಭಾಸ ಪಾಪ, ಅಂದಿನಿಂದ ಪ್ರತಿ ಸೋಮವಾರ ಗಿರಣಿಯ ಒಂದು ಕಲ್ಲಿಗೆ ಜೋಳ ಬಿಟ್ಟು ಬೇರೇನೂ ಹಾಕುವುದಿಲ್ಲ ಎಂದು ಹೇಳಿದ. "ಬ್ಯಾಡ, ಬೀಸುಕಲ್ಲ ಇರಲಿ," ಎಂದಳು ಭಾಗೀರಥಿ. "ಆ ತೋಳ ನೋಡ್ರಿ ಹ್ಯಾಂಗಾಗ್ಯಾವು."

ಆದರೆ ಅಮೋಘಸಿದ್ದಪ್ಪ ಮದುವೆಗಳಿಗೆ ಹೋಗುವುದನ್ನು ಬಿಟ್ಟ. ಬೇರೆಯವರ ಕೈಗೆ ಸಿಗುವ ಭಯ ಒಂದು. ತಾನು ತಿನ್ನದ್ದನ್ನು ಬೇರೆಯವರಿಗೆ ಹೇಗೆ ಒತ್ತಾಯ ಮಾಡುವುದು ಎಂಬ ನಾಚಿಕೆ ಇನ್ನೊಂದು. ಅವನಿಲ್ಲದ ಸಾಲುಗಳಲ್ಲಿ ಜನ ಉಂಡು ಸುಮ್ಮನೆ ಎದ್ದು ಹೋಗುತ್ತಿದ್ದರಂತೆ. ಇದನ್ನು ಕೇಳಿದಾಗ ಅವನಿಗೆ ಎರಡು ದಿನದ ಗದ್ದೆಗಿಂತ ಹೆಚ್ಚು ಸಂಕಟವಾಯಿತು.

ಹೀಗಿರುವಾಗ ಸಪ್ನಾಳ ಮದುವೆಯ ಮಾತು ಬಂತು. ಹುಡುಗ ಬಾಳೇಶ, ಅವಳ ಶಾಲೆಯಲ್ಲೇ ಗಣಿತ ಕಲಿಸುವವನು. ಇಬ್ಬರೂ ಒಬ್ಬರನ್ನೊಬ್ಬರು ಒಪ್ಪಿ, ಆಮೇಲೆ ಹಿರಿಯರು ಒಪ್ಪುವಂತೆ ಬುದ್ಧಿವಂತಿಕೆಯಿಂದ ನಡೆಸಿದ್ದರು. ಎಲ್ಲ ಮಾತೂ ಮುಗಿದು ಉಳಿದದ್ದು ಹುಡುಗನ ಮನೆಯಲ್ಲಿ ಒಂದು ಊಟ. ಅದು ಆದರೆ ಸಂಬಂಧ ಗಟ್ಟಿಯಾದಂತೆ. ಹುಡುಗನ ಊರು ಹೂಲಿ. ಹುಡುಗನ ಅಜ್ಜಿ ಮುದಕವ್ವ.

ಹೆಸರು ಕೇಳಿದ್ದೇ ಅಮೋಘಸಿದ್ದಪ್ಪ ಗೋಡೆಗೆ ಒರಗಿದ. ಆ ಮನೆಯಲ್ಲಿ ಬೀಗರಿಗೆ ಮೊದಲ ಹೋಳಿಗೆ ಬಡಿಸುವವಳು ಅಜ್ಜಿ. ಅದನ್ನು ಪೂರ್ತಿ ತಿಂದರೆ ಮಾತ್ರ ಅವಳು ಹೂಂ ಎನ್ನುವಳು. ಹಿಂದೊಮ್ಮೆ ಒಬ್ಬ ಬೀಗ ಅರ್ಧ ಹೋಳಿಗೆ ಎಲೆಯಲ್ಲಿ ಬಿಟ್ಟನೆಂದು, "ಹೋಳಿಗಿ ಅರ್ಧಾಕ್ಕ ಬಿಟ್ಟಾಂವ ಮಾತೂ ಅರ್ಧಾಕ್ಕ ಬಿಡತಾನ" ಎಂದು ಆಗಬೇಕಿದ್ದ ಸಂಬಂಧವನ್ನೇ ತಿರುಗಿಸಿ ಕಳಿಸಿದ್ದಳು. ಮನೆಯಲ್ಲಿ ಅವಳ ಮಾತು ಮೀರುವವರಿಲ್ಲ.

"ಅಪ್ಪಾ, ಬ್ಯಾನಿ ಐತಿ ಅಂತ ಖರೇನ ಹೇಳಿಬಿಡೂಣು," ಎಂದಳು ಸಪ್ನಾ.

"ಯಾರ ನಂಬತಾರವಾ? ನಾ ಯಾರನ್ನಾರ ನಂಬೇನೇನು?" ಎಂದ ಅವನು. ಗೋಡೆಯಿಂದ ಬೆನ್ನು ತೆಗೆದು, "ನಿನ್ನ ಸಲುವಾಗಿ ಒಂದ ಹೋಳಿಗಿ ತಿಂತೇನಿ. ಎರಡ ದಿನಾ ಕಬ್ಬಿನಾಗ ಇದ್ರ ಮುಗೀತು" ಎಂದ.

ಸಪ್ನಾ ಎದ್ದು ನಿಂತಳು. "ನನ್ನ ಆಣಿ ಐತಿ ಅಪ್ಪಾ. ಒಂದ ಚೂರೂ ತಿನಬಾರದು."

ಇದು ಅವನದೇ ಆಯುಧ. ಸಾಲಿನಲ್ಲಿ ಕೊನೆಯ ಹೋಳಿಗೆ ಇಳಿಸಲು ಅವನು ಬಳಸುತ್ತಿದ್ದದ್ದು ಇದನ್ನೇ: ನನ್ನ ಆಣಿ ಐತಿ. ತನ್ನ ಜೀವಮಾನದಲ್ಲಿ ಆ ಮಾತನ್ನು ಮೀರಿದವರನ್ನು ಅವನು ಕಂಡಿರಲಿಲ್ಲ. ತಾನೂ ಮೀರುವಂತಿರಲಿಲ್ಲ.

ಹಾಗಾಗಿ ಗಂಡ ಹೆಂಡತಿ ಹೂಲಿಗೆ ಹೊರಟಾಗ ತಯಾರಿ ಮಾಡಿಕೊಂಡು ಹೊರಟರು. ಭಾಗೀರಥಿ ಮನೆಯ ಹಿಟ್ಟಿನ ರೊಟ್ಟಿ ಬಡಿದು ಬಟ್ಟೆಯಲ್ಲಿ ಕಟ್ಟಿ ಕೈಚೀಲದ ತಳದಲ್ಲಿ ಇಟ್ಟಳು, ದಾರಿಯಲ್ಲಿ ಉಂಡರಾಯಿತು ಎಂದು. ಅಮೋಘಸಿದ್ದಪ್ಪ ಅಂಗಿಯ ಕಿಸೆಯಲ್ಲಿ ಒಂದು ಪ್ಲಾಸ್ಟಿಕ್ ಚೀಲ ಇಟ್ಟುಕೊಂಡ. ಹೋಳಿಗೆ ಕದ್ದು ಮುಚ್ಚುವವರ ಎಲ್ಲ ಉಪಾಯಗಳೂ ಅವನಿಗೆ ಗೊತ್ತಿದ್ದವು; ಹಿಡಿದವನು ಅವನೇ ತಾನೆ. ಆದರೆ ಯರಗಟ್ಟಿ ದಾಟುವಾಗ ಬಸ್ಸು ಎಷ್ಟು ಕುಲುಕಿತೆಂದರೆ ಇಬ್ಬರಿಗೂ ರೊಟ್ಟಿಯ ಗಂಟು ಬಿಚ್ಚುವ ನೆನಪೇ ಆಗಲಿಲ್ಲ.

ಹೂಲಿಯ ಮನೆಯ ಅಂಗಳದಲ್ಲಿ ಎಲೆ ಹಾಕಿದ್ದರು. ಬಾಳೇಶ ಹೊಸ ಅಂಗಿ ತೊಟ್ಟು ಬೆವರುತ್ತ ನಿಂತಿದ್ದ. ಒಳಗಿನಿಂದ ಮುದಕವ್ವ ಬಂದಳು. ಸೊಂಟ ಬಗ್ಗಿತ್ತು, ಬುಟ್ಟಿ ಮಾತ್ರ ನೆಟ್ಟಗಿತ್ತು.

"ಬರ್ರಿ ಬೀಗರ. ಆ ಮದವ್ಯಾಗ ನೀವು ಹಾಕಿದ ಹೋಳಿಗಿ ಇನ್ನೂ ನನ್ನ ಹೊಟ್ಯಾಗ ಅದಾವು," ಎಂದು ಹಲ್ಲಿಲ್ಲದ ಬಾಯಿ ತುಂಬ ನಕ್ಕಳು. ಎಲೆಯ ನಡುವೆ ಹೋಳಿಗೆ ಇಟ್ಟಳು, ತುಪ್ಪ ಸುರಿದಳು, ತಿರುಗಿ ತಟ್ಟೆ ತರಲು ಎರಡು ಹೆಜ್ಜೆ ಹೋದಳು.

ಅಷ್ಟೇ ಸಾಕಾಗಿತ್ತು. ಅಮೋಘಸಿದ್ದಪ್ಪ ಹೋಳಿಗೆಯನ್ನು ಮಡಚಿ ಕಿಸೆಗೆ ಇಳಿಸಿದ. ಆದರೆ ಅವಸರದಲ್ಲಿ ಹೋಳಿಗೆ ಪ್ಲಾಸ್ಟಿಕ್ ಚೀಲದೊಳಗೆ ಹೋಗದೆ ಚೀಲದ ಹೊರಗೆ ಹೋಯಿತು. ಬಿಳಿ ಅಂಗಿಯ ಮೇಲೆ ತುಪ್ಪ ನಿಧಾನಕ್ಕೆ ಇಳಿಯತೊಡಗಿತು, ಎದೆಯಿಂದ ಹೊಟ್ಟೆಗೆ, ಹೊಟ್ಟೆಯಿಂದ ಧೋತರಕ್ಕೆ.

ಮುದಕವ್ವ ತಿರುಗಿ ನೋಡಿದಳು. ಖಾಲಿ ಎಲೆ ನೋಡಿದಳು. ಅಂಗಿ ನೋಡಿದಳು.

"ಬೀಗರ," ಎಂದಳು, "ನಿಮ್ಮ ಕಿಸೇಕ್ಕ ಹಸಿವ್ಯಾಗೇತೇನು?"

ಅಮೋಘಸಿದ್ದಪ್ಪ ಗಡಬಡಿಸಿ ಏಳಲು ಹೋಗಿ ಪಕ್ಕದ ಕೈಚೀಲಕ್ಕೆ ಕಾಲು ತಾಗಿಸಿದ. ಚೀಲ ಉರುಳಿತು, ಬಟ್ಟೆಯ ಗಂಟು ಹೊರಬಿತ್ತು, ಗಂಟು ಬಿಚ್ಚಿ ಜೋಳದ ರೊಟ್ಟಿಗಳು ಅಂಗಳದ ಎಲ್ಲರಿಗೂ ಕಾಣುವಂತೆ ಹೊರಗೆ ಇಣುಕಿದವು. ಹೋಳಿಗೆ ಕದ್ದದ್ದನ್ನು ಕ್ಷಮಿಸಬಹುದು. ಬೀಗರ ಮನೆಯ ಊಟಕ್ಕೆ ಸ್ವಂತ ಬುತ್ತಿ ಕಟ್ಟಿಕೊಂಡು ಬರುವುದೆಂದರೆ ಆ ಮನೆಯ ಅನ್ನ ಮುಟ್ಟುವುದಿಲ್ಲ ಎಂದು ಸಾರಿದ ಹಾಗೆ.

ಮುದಕವ್ವನ ನಗು ಹೋಗಿತ್ತು. "ನಮ್ಮ ಮನಿಗೆ ಉಣ್ಣಾಕ ಬರೂ ಮುಂದ ಬುತ್ತಿ ಕಟಗೊಂಡ ಬಂದೀರಿ?"

"ಹಂಗಲ್ಲ ಯವ್ವಾ. ನನಗ ಗೋದಿ ಬ್ಯಾನಿ ಐತಿ. ಗೋದಿ ತಿಂದ್ರ ಕರಳ ತಡಿಯೂದಿಲ್ಲ. ಡಾಕ್ಟರ ಹೇಳ್ಯಾರ."

"ಎಲ್ಲದಾನ ಆ ಡಾಕ್ಟರ?" ಎಂದಳು ಮುದಕವ್ವ. ಸಾಲಿನಲ್ಲಿದ್ದ ಅಷ್ಟೂ ಮಂದಿಗೆ ಮುಂದಿನ ಮಾತು ಗೊತ್ತಿತ್ತು, ಆದರೆ ಯಾರೂ ನಗಲಿಲ್ಲ.

ಬಾಳೇಶ ಮುಂದೆ ಬಂದ. "ಅಜ್ಜಿ, ಖರೇ ಐತಿ. ಸಪ್ನಾ ನನಗ ಮೊದಲ ಹೇಳಿದ್ಲು. ತನ್ನ ರಕ್ತಾನೂ ತೋರಿಸ್ಯಾಳ, ಆಕಿಗೇನಿಲ್ಲ. ಮಾವಾರಿಗೆ ಅಷ್ಟ ಐತಿ."

"ನೀ ಸುಮ್ನಿರು. ಆ ಹುಡಗಿ ಎರಡಕ್ಕ ಎರಡ ಕೂಡಿಸಿದ್ರ ಐದ ಅಂದ್ರೂ ನೀ ಹೂಂ ಅಂತೀ, ಗಣಿತದ ಮಾಸ್ತರ."

ಅವಳು ಬುಟ್ಟಿಯಿಂದ ಇನ್ನೊಂದು ಹೋಳಿಗೆ ತೆಗೆದಳು. ಅಮೋಘಸಿದ್ದಪ್ಪನ ಎದುರಿಗೆ ಕಷ್ಟಪಟ್ಟು ಕುಳಿತು, ಹೋಳಿಗೆಯನ್ನು ಅವನ ಎಲೆಯ ಮೇಲೆ ಹಿಡಿದಳು. "ನಾ ನಿಮ್ಮ ಬಾಯಿ ಕೇಳೂದಿಲ್ಲ. ಕಣ್ಣ ನೋಡತೇನಿ."

ಅಮೋಘಸಿದ್ದಪ್ಪನಿಗೆ ಗುರುತು ಹತ್ತಿತು. ಅಜ್ಜಿಯ ಶಾಸ್ತ್ರವೂ ತನ್ನದೇ ಶಾಸ್ತ್ರ. ಕಣ್ಣನ್ನು ತೊಟ್ಟಿಯ ಕಡೆ ತಿರುಗಿಸಲು ನೋಡಿದ, ಆಗಲಿಲ್ಲ. ಎಷ್ಟು ತಿಂಗಳಾಗಿತ್ತು ಇಂಥದ್ದನ್ನು ಇಷ್ಟು ಹತ್ತಿರದಿಂದ ಕಂಡು! ತೆಳ್ಳಗೆ, ಹೊಂಬಣ್ಣ, ಅಂಚಿನಲ್ಲಿ ಹೂರಣ ಇಣುಕುತ್ತಿತ್ತು. ಹಾಸ್ಟೆಲಿಗೆ ಕಳಿಸಿದ ಮಗುವನ್ನು ಕಿಟಕಿಯಿಂದ ಕಂಡ ತಾಯಿಯಂತೆ ನೋಡಿದ. ಕಣ್ಣಲ್ಲಿ ನೀರು ತುಂಬಿತು. ಆದರೆ ಮಗಳ ಆಣೆ ನೆನಪಿತ್ತು. ಎರಡೂ ಕೈ ಎಲೆಯ ಮೇಲೆ ಗಟ್ಟಿಯಾಗಿ ಕುಳಿತಿದ್ದವು. ಮುದಕವ್ವ ಬಿಸಿ ಹೋಳಿಗೆಯನ್ನು ಆ ಕೈಗಳ ಮೇಲೇ ಇಟ್ಟಳು. ತುಪ್ಪ ಸುರಿದಳು. ಕೈ ಸರಿಯಲಿಲ್ಲ.

ಅಜ್ಜಿ ಬಹಳ ಹೊತ್ತು ಕಣ್ಣನ್ನೂ ಕೈಯನ್ನೂ ಒಂದಾದ ಮೇಲೊಂದು ನೋಡಿದಳು.

"ಕಣ್ಣ ಬೇಕಂತಾವು, ಕೈ ಬ್ಯಾಡಂತಾವು," ಎಂದಳು. "ಇಷ್ಟ ವರ್ಷ ಬುಟ್ಟಿ ಹಿಡದೇನಿ, ಹಿಂತಾದ್ದ ನೋಡಿಲ್ಲ. ನೆಪಾ ತಗ್ಯಾಂವಗ ಕಣ್ಣ ಕೈ ಕೂಡೇ ಇರತಾವು, ಕಣ್ಣ ಬೇಕಂದ್ರ ಕೈನೂ ಸರೀತಾವು. ಇದು ಖರೇನ ಬ್ಯಾನಿ."

ಬಾಳೇಶ ಕಂಬಕ್ಕೆ ಒರಗಿದ. ಭಾಗೀರಥಿ ಸೆರಗಿನಿಂದ ಕಣ್ಣೊರೆಸಿಕೊಂಡು, ಅದೇ ಸೆರಗಿನಿಂದ ಗಂಡನ ಅಂಗಿಯ ತುಪ್ಪ ಒರೆಸಲು ಹೋಗಿ ಇನ್ನಷ್ಟು ಹರಡಿದಳು.

ಆದರೆ ಮುದಕವ್ವ ಎದ್ದಿರಲಿಲ್ಲ. "ಹಂಗಂತ ನನ್ನ ಅಂಗಳದಾಗಿಂದ ಬೀಗ ಉಪವಾಸ ಹೋಗೂದ? ಆಗೂದಿಲ್ಲ. ಹೂರಣಕ ಏನಂತೈತಿ ನಿಮ್ಮ ಬ್ಯಾನಿ? ಅದರಾಗ ಬ್ಯಾಳಿ, ಬೆಲ್ಲ, ಯಾಲಕ್ಕಿ."

"ಹೂರಣ ನಡಿತೈತ್ರಿ. ಆದ್ರ ಕಣಕದ ಕೈ ಹತ್ತಿದ್ರ ನಡಿಯೂದಿಲ್ಲ."

ಅಜ್ಜಿ ಒಳಗೆ ಕೂಗಿದಳು. "ಅನ್ನಪೂರ್ಣಾ! ದೇವರ ಎಡಿಗೆ ಅಂತ ಮೊದಲ ತಗದಿಟ್ಟ ಹೂರಣ ಐತೆಲ್ಲ, ಅದನ್ಯಾರೂ ಮುಟ್ಟಿಲ್ಲೇನು?"

"ಇಲ್ರಿ ಅತ್ತಿ. ಕಣಕ ನಾದೂಕಿಂತ ಮೊದಲ ತಗದಿಟ್ಟೇವಿ, ದೇವರಿಗೆ ತೋರ್ಸಿದ್ದೂ ಆತು," ಎಂದಳು ಸೊಸೆ ಒಳಗಿನಿಂದ.

"ತಾ ಹೊರಗ. ಹೊಸಾ ತುಪ್ಪದ ಗಡಗಿ ತಾ. ಬೀಗರ, ಎದ್ದ ಕೈ ತೊಳಕೊಂಡ ಬರ್ರಿ, ಎಲಿ ಬದಲ ಮಾಡ್ರಿ, ಆ ಕಿಸೇದಾಗಿಂದ ನಾಯಿಗೆ ಹಾಕ್ರಿ."

ಕೈ ತೊಳೆದು, ಹೊಸ ಎಲೆಯ ಮುಂದೆ ಕುಳಿತ ಅಮೋಘಸಿದ್ದಪ್ಪನಿಗೆ ಮುದಕವ್ವ ಅವನದೇ ಬುತ್ತಿಯ ರೊಟ್ಟಿ ಬಡಿಸಿದಳು. ರೊಟ್ಟಿಯ ಮೇಲೆ ಹಿಡಿಗಾತ್ರದ ಹೂರಣ ಹರಡಿದಳು, ಮೇಲೆ ಇನ್ನೊಂದು ರೊಟ್ಟಿ ಮುಚ್ಚಿದಳು, ತುಪ್ಪದಲ್ಲಿ ತೋಯಿಸಿದಳು. "ನೋಡ್ರಿ, ಜ್ವಾಳದ ಹೋಳಿಗಿ."

ತಿಂದ. ಕಣ್ಣು ಮುಚ್ಚಿ ತಿಂದ. ಬೇಳೆ, ಬೆಲ್ಲ, ಏಲಕ್ಕಿ ನಾಲಿಗೆಗೆ ಹಳೆಯ ನೆಂಟರಂತೆ ಬಂದವು. ಎರಡನೆಯದು ಬಂತು, ತಿಂದ. ಮೂರನೆಯದು ಬಂದಾಗ ರೊಟ್ಟಿಯ ಭಾರ ತಿಳಿಯಿತು.

"ಸಾಕ ಯವ್ವಾ, ಹೊಟ್ಟಿ ತುಂಬೇತಿ."

"ಕಬ್ಬಿನ ಗಾಡಿ ತುಂಬಿದ ಮ್ಯಾಲೂ ಮ್ಯಾಲೊಂದ ಹೊರಿ ಏರತೈತಿ ಅಂತ ನೀವ ಹೇಳಿದ್ರಿ."

"ಹಲ್ಲ ನೂಯತಾವ್ರಿ, ರೊಟ್ಟಿ ಗಟ್ಟಿ."

"ನನಗ ಹಲ್ಲಾ ಇಲ್ಲ, ನಾ ತಿಂತೇನಿ. ನುಂಗ್ರಿ."

"ಬ್ಯಾನಿ ಐತ್ರಿ ಯವ್ವಾ!"

"ಜ್ವಾಳಕ ಬ್ಯಾನಿ ಐತೇನು? ಹೇಳ್ರಿ, ಐತೇನು?"

ಅಮೋಘಸಿದ್ದಪ್ಪನ ಕಣ್ಣು ಕೈ ತೊಳೆಯುವ ತೊಟ್ಟಿಯ ಕಡೆಗೆ ಹೋಯಿತು. ಮುದಕವ್ವ ಅದನ್ನು ನೋಡಿದಳು, ಸಂತೋಷಪಟ್ಟಳು. "ತೊಟ್ಟಿ ನೋಡಿದವ್ರಿಗೆ ಒಂದ," ಎಂದು ಕೊನೆಯ ರೊಟ್ಟಿ ಇಳಿಸಿದಳು. "ನನ್ನ ಆಣಿ ಐತಿ."

ಊಟ ಮುಗಿದಾಗ ಅವನನ್ನು ಎಬ್ಬಿಸಲು ಬಾಳೇಶನ ಜೊತೆ ಇನ್ನೂ ಒಬ್ಬರು ಬೇಕಾದರು. ಎದ್ದು ನಿಂತವನ ಕೈಗೆ ಅಜ್ಜಿ ಸಕ್ಕರೆ ಹಾಕಿದಳು. ಸಂಬಂಧ ಗಟ್ಟಿಯಾಯಿತು.

"ಮದವ್ಯಾಗ ಆ ಕಡಿ ಸಾಲ ನನ್ನದು, ಈ ಕಡಿ ಸಾಲ ನಿಮ್ಮದು," ಎಂದಳು. "ಬುಟ್ಟಿ ಮನ್ಯಾಗ ಇಟ್ಟ ಬರಬ್ಯಾಡ್ರಿ ಮತ್ತ."

ಬಸ್ಸಿನಲ್ಲಿ ಅವನಿಗೆ ಕುಳಿತುಕೊಳ್ಳಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ. ಸಪ್ನಾ ಫೋನ್ ಮಾಡಿ ಹೆದರಿದ ಧ್ವನಿಯಲ್ಲಿ "ಅಪ್ಪಾ, ತಿಂದ್ಯೇನು?" ಎಂದು ಕೇಳಿದಳು. "ತಿಂದ್ಯಾ ಅಂತ ಕೇಳತಿ? ಸತ್ತೆ" ಎಂದು ನರಳಿದ. ಅವಳು ಅಳತೊಡಗಿದ ಮೇಲೆ ಭಾಗೀರಥಿ ಫೋನ್ ಕಸಿದುಕೊಂಡು ಎಲ್ಲ ಹೇಳಬೇಕಾಯಿತು.

ಸಂಪಗಾಂವದಲ್ಲಿ ಮದುವೆ ಆಯಿತು. ಅಮೋಘಸಿದ್ದಪ್ಪ ಎಷ್ಟೋ ತಿಂಗಳ ಮೇಲೆ ಬುಟ್ಟಿ ಹಿಡಿದು ಸಾಲಿಗೆ ಇಳಿದ. ಜನ ಅವನಿಗಾಗಿ ತಯಾರಾಗಿಯೇ ಕುಳಿತಿದ್ದರು. ಮೊದಲ ಎಲೆಯಲ್ಲಿ ಸುಭಾಸ ಎರಡೂ ಕೈ ಎಲೆಯ ಮೇಲಿಟ್ಟು ಮುಖ ಸಪ್ಪಗೆ ಮಾಡಿಕೊಂಡು ಹೇಳಿದ:

"ಬ್ಯಾಡಪಾ. ನನಗೂ ಗೋದಿ ಬ್ಯಾನಿ ಬಂದೈತಿ."

"ನನಗೂ," ಎಂದ ಪಕ್ಕದವನು.

"ನಮ್ಮ ಸಾಲಿಗೆಲ್ಲಾ ಬಂದೈತ್ರಿ," ಎಂದು ಆ ತುದಿಯಿಂದ ಯಾರೋ ಕೂಗಿದರು.

ಅಮೋಘಸಿದ್ದಪ್ಪ ಸುಭಾಸನ ಕಣ್ಣು ನೋಡಿದ, ಕೈ ನೋಡಿದ. ಕಣ್ಣು ಹೋಳಿಗೆಯ ಮೇಲಿತ್ತು, ಕೈ ಆಗಲೇ ಎಲೆಯಿಂದ ಸರಿಯತೊಡಗಿತ್ತು; ಎರಡೂ ಕೂಡೇ ಇದ್ದವು. ಆಮೇಲೆ ಬಲಗಂಕುಳಿನ ಹೋಳಿಗೆ ಬುಟ್ಟಿಯನ್ನು ಪಕ್ಕಕ್ಕೆ ಇಟ್ಟು, ಎಡಗಂಕುಳಿನಿಂದ ಇನ್ನೊಂದು ಬುಟ್ಟಿ ಹೊರಗೆ ತೆಗೆದ. ತಾನೇ ಬೀಸಿದ ಜೋಳದ ಹಿಟ್ಟಿನ ರೊಟ್ಟಿಗಳು ಒಂದರ ಮೇಲೊಂದು ಎತ್ತರಕ್ಕೆ ಏರಿದ್ದವು. ಹೂರಣವಿಲ್ಲ; ಸಕ್ಕರೆ ಬೇನೆಯ ಗೆಳೆಯನಿಗೆಂದು ಅಗಸೆ ಬೀಜದ ಚಟ್ನಿ, ಬೆಣ್ಣೆ.

"ಹಂಗೇನು, ಬ್ಯಾನಿ ಬಂದೈತಿ?" ಎಂದ. "ತಗೋ ಹಂಗಾದ್ರ."